ಟವೆಲ್ ಹಾಜರಾತಿ

ಬೇಲಿ ಮತ್ತು ನೆರಳು ಇಲಾಖೆಯ ಸಿಡ್ನಿ ಹಾಗೂ ಮೆಲ್ಬರ್ನ್ ಕಚೇರಿಗಳ ಸಕಲ ನೌಕರರೂ ವಾರದ ಐದೂ ದಿನ ಖುದ್ದಾಗಿ ಹಾಜರಾಗತಕ್ಕದ್ದು ಎಂಬ ಆದೇಶ ಹೊರಟಿತು. ಆದೇಶಕ್ಕೆ ಸಹಿ ಹಾಕಿದ ಹಿರಿಯ ಅಧಿಕಾರಿಗಳು ಆ ಹೊತ್ತಿಗೆ ತಂತಮ್ಮ ಮನೆಗಳಲ್ಲಿದ್ದರು.

ಆದೇಶದಲ್ಲಿ ದಯೆಯೂ ಇತ್ತು. ಮೂರು ತಿಂಗಳು ಒಂದು ದಿನವೂ ತಪ್ಪದೆ ಬಂದವರಿಗೆ ಮನೆಯಿಂದಲೇ ಕೆಲಸ ಮಾಡುವ ಅನುಮತಿ ನೀಡಲಾಗುವುದು ಎಂದಿತ್ತು. ಕಚೇರಿಗೆ ಬರುವ ಅಗತ್ಯವಿಲ್ಲವೆಂಬುದನ್ನು ಕಚೇರಿಗೆ ಬಂದೇ ಸಾಬೀತುಪಡಿಸಬೇಕು, ಅಷ್ಟೆ. ಇದರಲ್ಲಿ ಯಾರಿಗೂ ವಿಚಿತ್ರವೇನೂ ಕಾಣಲಿಲ್ಲ.

ಸಿಡ್ನಿಯ ಅಂಚಿನ ಟೂಂಗಾಬಿ ಬಡಾವಣೆಯಲ್ಲಿದ್ದ, ಇಲಾಖೆಯ ಕಾಂಟ್ರಾಕ್ಟ್ ನೌಕರ ಶಂಭುಲಿಂಗನಿಗೆ ಆ ಅನುಮತಿ ಬೇಕೇ ಬೇಕಿತ್ತು. ಹೆಂಡತಿ ನೇತ್ರಾ ಸಿಡ್ನಿಯದೇ ಲಿವರ್‌ಪೂಲ್ ಬಡಾವಣೆಯ ಆಸ್ಪತ್ರೆಯಲ್ಲಿ ನರ್ಸ್, ಮಧ್ಯಾಹ್ನದ ಶಿಫ್ಟು. ಹಾಗಾಗಿ ಮೂರು ಗಂಟೆಗೆ ಸ್ಕೂಲಿನ ಗೇಟಿನಲ್ಲಿ ನಿಂತು ಮಗಳು ಸಾನ್ವಿಯನ್ನು ಕರೆತರುವವನು ಅವನೇ. ಮನೆಯಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರಿಸುವ ಆ ಹುಡುಗಿ, ಯಾಕೋ ಏನೋ, ಆ ದಾರಿಯಲ್ಲಿ ಮಾತ್ರ ಅಪ್ಪನ ಕೈಹಿಡಿದು ಅಪ್ಪಟ ಹುಬ್ಬಳ್ಳಿ ಕನ್ನಡದಲ್ಲಿ ಹರಟುತ್ತಿದ್ದಳು. ಶಂಭುಲಿಂಗನಿಗೆ ದಿನದಲ್ಲಿ ಅದಕ್ಕಿಂತ ದೊಡ್ಡ ಸುಖ ಬೇರೆ ಇರಲಿಲ್ಲ.

ತೊಡಕಿದ್ದದ್ದು ಕುರ್ಚಿಯದು. ಲಾಕ್‌ಡೌನಿನಲ್ಲಿ ಎಲ್ಲರೂ ಮನೆಯಲ್ಲಿದ್ದಾಗ ಇಲಾಖೆ ಮಹಡಿಗಳನ್ನು ಬಿಟ್ಟುಕೊಟ್ಟು, ಬಾಡಿಗೆ ಉಳಿಸಿದ್ದಕ್ಕೆ ಪ್ರಶಸ್ತಿ ಪಡೆದಿತ್ತು. ಈಗ ಇಬ್ಬರಿಗೆ ಒಂದು ಕುರ್ಚಿಯೂ ಇರಲಿಲ್ಲ. ಬೆಳಿಗ್ಗೆ ಎಣಿಕೆ ತಂಡವೊಂದು ಸುತ್ತು ಬರುತ್ತಿತ್ತು. ಕೂತವರು ನೌಕರರು, ನಿಂತವರು ಸಂದರ್ಶಕರು. ಶಂಭುಲಿಂಗ ರೈಲಿಳಿದು ಬರುವಷ್ಟರಲ್ಲಿ ಕುರ್ಚಿಗಳೆಲ್ಲ ಭರ್ತಿಯಾಗಿರುತ್ತಿದ್ದುದರಿಂದ ಮೊದಲ ವಾರವಿಡೀ ಅವನು ಕತ್ತಿಗೆ ಸಂದರ್ಶಕರ ಬ್ಯಾಡ್ಜ್ ಹಾಕಿಕೊಂಡು ಸರ್ಕಾರದ ಕೆಲಸ ಮಾಡಿದ. ಪುಣ್ಯಕ್ಕೆ ಅದು ಲೆಕ್ಕಕ್ಕಿಲ್ಲದ ಅಭ್ಯಾಸದ ವಾರ.

ಶುಕ್ರವಾರ ಸಂಜೆ ಹೊರಡುವಾಗ ಅವನು ಜಿಮ್ ಚೀಲದಲ್ಲಿದ್ದ ಟವೆಲನ್ನು ತೆಗೆದು ಕಿಟಕಿ ಪಕ್ಕದ ಕುರ್ಚಿಯ ಮೇಲೆ ಹಾಕಿ ಬಂದ. ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಬೆಳೆದವನ ಕೈ ಅದು, ಬುದ್ಧಿಯನ್ನು ಕೇಳಿ ಮಾಡುವ ಕೆಲಸವಲ್ಲ. ಸೋಮವಾರ ರೈಲು ತಪ್ಪಿಸಿಕೊಂಡು ಬೆವರುತ್ತ ಬಂದಾಗ ಎಣಿಕೆ ತಂಡ ಆ ಕುರ್ಚಿಯ ಸುತ್ತ ಕೈಕಟ್ಟಿ ನಿಂತಿತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ.

ಡೈರೆಕ್ಟರ್ ಫಿಯೋನಾ ಅವನನ್ನು ಕರೆದು, ಬಾಗಿಲು ಮುಚ್ಚಿ, ಇದು ನಿಮ್ಮ ಸಮುದಾಯದ ಪದ್ಧತಿಯೇ ಎಂದು ಮೆಲ್ಲಗೆ ವಿಚಾರಿಸಿದರು. ಹೌದು, ನಮ್ಮ ಕಡೆ ಟವೆಲ್ ಬಿದ್ದರೆ ಮನುಷ್ಯ ಕೂತ ಹಾಗೆಯೇ ಲೆಕ್ಕ, ಎತ್ತಿದರೆ ಹೊಡೆದಾಟವಾಗುತ್ತದೆ ಎಂದು ಅವನು ಇದ್ದದ್ದನ್ನು ಇದ್ದಂತೆ ಹೇಳಿದ. ಸಾಂಸ್ಕೃತಿಕ ಸೂಕ್ಷ್ಮತೆಯ ತರಬೇತಿಯನ್ನು ಆಗಷ್ಟೇ ಮುಗಿಸಿದ್ದ ಫಿಯೋನಾ ಬಿಳಿಚಿಕೊಂಡು ಕಾನೂನು ವಿಭಾಗಕ್ಕೆ ಬರೆದರು. ಸುತ್ತೋಲೆ ಬಂತು:

‘ಕುರ್ಚಿಯ ಮೇಲಿರಿಸಲಾದ ಟವೆಲನ್ನು ಸದರಿ ಟವೆಲಿನ ಮಾಲೀಕರೆಂದೇ ಪರಿಗಣಿಸತಕ್ಕದ್ದು. ಕೈ ಒರೆಸುವ ಕಾಗದವು ಟವೆಲ್ ಅಲ್ಲ. ಒದ್ದೆ ಟವೆಲನ್ನು ಅರ್ಧ ದಿನದ ರಜೆಯೆಂದು ದಾಖಲಿಸಲಾಗುವುದು.’

ಬೀಚ್ ಟವೆಲ್‌ಗಳು ಬಂದವು, ಫುಟ್‌ಬಾಲ್ ಕ್ಲಬ್ಬಿನ ಟವೆಲ್‌ಗಳು ಬಂದವು. ಕುರ್ಚಿ ಸಾಲದಿದ್ದರೂ ಈಗ ತೊಂದರೆಯಾಗಲಿಲ್ಲ. ಒಂದೇ ಕುರ್ಚಿಯಲ್ಲಿ ಮೂರು ನೌಕರರನ್ನು ಮಡಚಿಡಬಹುದಿತ್ತು. ಮೆಲ್ಬರ್ನ್ ಕಚೇರಿಯ ಗೋಪೀನಾಥ ತನ್ನ ಮನೆಯಿಂದ ಫೋನ್ ಮಾಡಿದ.

“ಗುರು, ಮದುವೇಲಿ ಮಾವ ಕೊಟ್ಟಿದ್ದ ಜರಿ ಶಲ್ಯ ಹಾಕ್ಬಿಟ್ಟು ಬಂದಿದೀನಿ. ಸೀನಿಯರ್ ಇರಬೇಕು ಅಂತ ಅದನ್ನ ಮೀಟಿಂಗ್ ರೂಮಲ್ಲಿ ಕೂರ್ಸಿದಾರೆ.”

ಹಾಜರಾತಿ ನೂರಕ್ಕೆ ನೂರಾಯಿತು. ಮಂತ್ರಿಗಳು ಭೇಟಿ ಕೊಟ್ಟು, ಸದ್ದಿಲ್ಲದ ಸಾಲುಗಳ ನಡುವೆ ನಡೆದಾಡಿ, ಹರಟೆಯೇ ಇಲ್ಲದ ಇಂಥ ಕಚೇರಿಯನ್ನು ತಾವು ಕಂಡಿಲ್ಲವೆಂದರು. ಎಲ್ಲರೂ ಇಷ್ಟು ಇಷ್ಟಪಟ್ಟು ಬರುತ್ತಿರುವಾಗ ಮನೆಯಿಂದ ಕೆಲಸ ಮಾಡುವ ಅನುಮತಿ ಯಾರಿಗೂ ಬೇಕಿಲ್ಲವೆಂದು ತೀರ್ಮಾನಿಸಿ ಅದನ್ನು ರದ್ದುಗೊಳಿಸಲಾಯಿತು. ಮನೆಯಲ್ಲಿದ್ದ ಎಲ್ಲರೂ ಇದನ್ನು ಒಪ್ಪಿದರು.

ಶಂಭುಲಿಂಗ ಆ ತಿಂಗಳುಗಳಲ್ಲಿ ಒಂದು ಮಧ್ಯಾಹ್ನವೂ ಸ್ಕೂಲಿನ ಗೇಟನ್ನು ತಪ್ಪಿಸಲಿಲ್ಲ.

“ಅಪ್ಪಾ, ನಿನ್ನ ಟಾವೆಲ್ ಈಗ ಏನ್ ಮಾಡಾಕತ್ತೈತಿ?” ಎಂದು ಸಾನ್ವಿ ದಾರಿಯಲ್ಲಿ ಕೇಳುತ್ತಿದ್ದಳು.

“ಮೀಟಿಂಗ್‌ನ್ಯಾಗ ಐತಿ,” ಎನ್ನುತ್ತಿದ್ದ ಅವನು. ಇಬ್ಬರೂ ಮನೆ ಬರುವವರೆಗೆ ನಗುತ್ತಿದ್ದರು.

ಆಗ ನೌಕರರ ಸಂಘ ಒಂದು ನ್ಯಾಯವಾದ ಪ್ರಶ್ನೆ ಎತ್ತಿತು. ಟವೆಲ್‌ಗಳು ರಾತ್ರಿಯೂ ಕಚೇರಿಯಲ್ಲೇ ಇರುತ್ತವೆ, ಓವರ್‌ಟೈಮ್ ಎಲ್ಲಿ? ಇಲಾಖೆಗೆ ಗಾಬರಿಯಾಯಿತು. ಪ್ರತಿದಿನ ಬೆಳಿಗ್ಗೆ ಟವೆಲ್‌ಗಳನ್ನು ಹಾಸಿ ಸಂಜೆ ಎತ್ತಿಡಲು ಟವೆಲ್ ಸಮನ್ವಯಾಧಿಕಾರಿ ಎಂಬ ಕಾಯಂ ಹುದ್ದೆ ಸೃಷ್ಟಿಯಾಯಿತು. ಈ ಪರಂಪರೆಯಲ್ಲಿ ಹುಟ್ಟಿ ಬೆಳೆದವನು ಸಿಡ್ನಿ ಕಚೇರಿಯಲ್ಲಿ ಶಂಭುಲಿಂಗ ಒಬ್ಬನೇ ಇದ್ದ, ಅವನ ಕಾಂಟ್ರಾಕ್ಟ್ ಅದೇ ತಿಂಗಳು ಮುಗಿಯುತ್ತಿತ್ತು. ನೇಮಕಾತಿ ಆದೇಶದ ಷರತ್ತು ಒಂದೇ: ಟವೆಲ್ ಟವೆಲನ್ನು ಹಾಸಲಾರದಾದ್ದರಿಂದ ಈ ಅಧಿಕಾರಿಯು ಮಾತ್ರ ಖುದ್ದಾಗಿ ಇರತಕ್ಕದ್ದು.

ಬೇಡವೆಂದು ಹೇಳಿಬಿಡಲೇ ಎಂದು ಅವನು ನೇತ್ರಾಳನ್ನು ಕೇಳಿದ. ಅವಳು ಯೂನಿಫಾರ್ಮಿನಲ್ಲೇ ಸೋಫಾದ ಮೇಲೆ ಕುಸಿದಿದ್ದಳು.

“ಪರ್ಮನೆಂಟ್ ಐತ್ರಿ,” ಎಂದಳು. “ಬ್ಯಾಡ ಅಂದು, ನಾಳೆ ಟಾವೆಲ್ ಹೆಗಲಿಗೆ ಹಾಕ್ಕೊಂಡು ಎಲ್ಲಿಗೆ ಹೋಗೂದು?”

ಈಗ ಶಂಭುಲಿಂಗ ಸೂರ್ಯ ಹುಟ್ಟುವ ಮೊದಲೇ ರೈಲು ಹತ್ತುತ್ತಾನೆ. ಮೂರೂವರೆಗೆ ವಿಡಿಯೊ ಮೀಟಿಂಗ್. ಆಗಷ್ಟೇ ಸ್ಕೂಲಿನಿಂದ ಕರೆತಂದ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಸಹೋದ್ಯೋಗಿಗಳು ಅವನನ್ನು ಮನಸಾರೆ ಅಭಿನಂದಿಸುತ್ತಾರೆ. ಸಾನ್ವಿ ಸ್ಕೂಲಿನಲ್ಲೇ, ತಡವಾಗಿ ಬರುವ ಅಪ್ಪ ಅಮ್ಮಂದಿರ ಮಕ್ಕಳ ಜೊತೆ ಕಾಯುತ್ತಾಳೆ.

ಮೊನ್ನೆ ಕತ್ತಲಾದ ಮೇಲೆ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಬರುವಾಗ ಅವನು, “ಬ್ಯಾಸರ ಆತೇನವಾ?” ಎಂದು ಕೇಳಿದ.

ಸಾನ್ವಿ ಕಿಟಕಿಯಾಚೆ ನೋಡುತ್ತಲೇ, “ಇಟ್ಸ್ ಫೈನ್, ಅಪ್ಪಾ,” ಎಂದಳು. “ಸಮ್‌ಬಡಿ ಹ್ಯಾಸ್ ಟು ಬಿ ಇನ್ ದಿ ಆಫೀಸ್.”