ಟಿವಿಯ ಎಳೆ ಯಾವ ಕಡೆ?

"ಬರೋ ಭಾನುವಾರ ನಾಲ್ಕು ಗಂಟೆಯೊಳಗೆ ಈ ಟಿವೀನ ಅರವತ್ತು ಡಿಗ್ರಿಯಿಂದ ನೋಡಿದ್ರೂ ಕಪ್ಪು ಕಪ್ಪಾಗೇ ಕಾಣಬೇಕು, ಬಿಳಿ ಬಿಳಿಯಾಗೇ ಕಾಣಬೇಕು. ಕಾಣದಿದ್ರೆ ನನ್ನ ಹತ್ತೊಂಬತ್ತು ವರ್ಷದ ಸರ್ವೀಸು ನೀರಲ್ಲಿ ಹೋಮ ಆಯ್ತು ಅಂದ್ಕೊಳ್ಳಿ!"

ಹೀಗೆಂದು ಊಟದ ಮೇಜಿನ ಮುಂದೆ ಎದ್ದು ನಿಂತು, ಸೌಟನ್ನು ಖಡ್ಗದಂತೆ ಮೇಲಕ್ಕೆತ್ತಿ ಪ್ರತಿಜ್ಞೆ ಮಾಡಿದವರು ಡಿಗ್ರಿ ಮೇಡಂ. ಟಿವಿ ಪರದೆಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಅವರು ತಪಾಸಣಾ ವಿಭಾಗದ ಮುಖ್ಯಸ್ಥೆ. ಪರದೆಯನ್ನು ನೇರದಿಂದ, ಓರೆಯಿಂದ, ಮೇಲಿನಿಂದ, ಕೆಳಗಿನಿಂದ ನೋಡಿ, ಎಲ್ಲೋ ಅರ್ಧ ಡಿಗ್ರಿ ವ್ಯತ್ಯಾಸ ಕಂಡರೂ "ವಾಪಸ್!" ಎನ್ನುವುದು ಅವರ ಕೆಲಸ. ಹಾಗಾಗಿ ಸಹೋದ್ಯೋಗಿಗಳು ಇಟ್ಟ ಹೆಸರು ಡಿಗ್ರಿ ಮೇಡಂ. ಮೇಡಂಗೆ ಆ ಹೆಸರು ಗೊತ್ತಿಲ್ಲವೆಂದು ಸಹೋದ್ಯೋಗಿಗಳು ನಂಬಿದ್ದರು. ಮೇಡಂಗೆ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು.

ಈ ಪ್ರತಿಜ್ಞೆಗೆ ಕಾರಣ ಅವರ ಮಾವ. ಮಾವ ನಲವತ್ತೆರಡು ವರ್ಷ ದರ್ಜಿಯಾಗಿದ್ದವರು. ಅಂಗಡಿ ಮುಚ್ಚಿದ ಮೇಲೆ ಹೊಲಿಗೆ ಯಂತ್ರವನ್ನು ಮನೆಗೆ ತಂದು ಹಾಲ್‌ನ ಕಿಟಕಿಯ ಪಕ್ಕ ಇಟ್ಟುಕೊಂಡಿದ್ದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಆ ಎತ್ತರದ ಕುರ್ಚಿಯೇ ಅವರ ಲೋಕ. ಅಲ್ಲಿಂದ ಟಿವಿ ಪೂರ್ತಿ ಓರೆ. ಎದುರು ಕೂತವರಿಗೆ ಚಿತ್ರ ಥಳಥಳ ಎಂದರೆ ಮಾವನಿಗೆ ಮಾತ್ರ ಬೂದಿ ಬಳಿದಂತೆ. ಏಳು ವರ್ಷದಿಂದ ಅವರು ಈ ಬಗ್ಗೆ ತುಟಿ ಪಿಟಕ್ಕೆಂದಿರಲಿಲ್ಲ. ಆದರೆ ಬರುವ ಭಾನುವಾರ ಮೊಮ್ಮಗಳ ಈಜು ಸ್ಪರ್ಧೆಯ ಫೈನಲ್. ನಾಲ್ಕು ಗಂಟೆಗೆ ಟಿವಿಯಲ್ಲಿ ನೇರ ಪ್ರಸಾರ!

ಮೊಮ್ಮಗಳಿಗೆ ಹದಿನಾಲ್ಕು. ಮನೆಯಲ್ಲಿ ಎಲ್ಲರೂ ಕರೆಯುವುದು 'ಮೀನು' ಎಂದು. ಕೊಳದ ಗ್ಯಾಲರಿಯ ಮೆಟ್ಟಿಲು ಹತ್ತಲು ಮಾವನ ಮಂಡಿ ಒಪ್ಪುವುದಿಲ್ಲ. ಹಾಗಾಗಿ ಅವಳು ಈಜುವುದನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ಇನ್ನು ಅಪ್ಪ ಅಮ್ಮ ಹೋಗಬಹುದಿತ್ತಲ್ಲ ಎನ್ನುತ್ತೀರಾ? ಕಳೆದ ಸ್ಪರ್ಧೆಯಲ್ಲಿ ಮೇಡಂ ಕೊಳದ ಅಂಚಿನಲ್ಲಿ ನಿಂತು "ಮೊಣಕೈ ಹತ್ತು ಡಿಗ್ರಿ ಮೇಲೆ!" ಎಂದು ಕಿರುಚಿದ್ದಕ್ಕೆ, ಮಗಳು ನಡುನೀರಿನಲ್ಲಿ ನಿಂತು ತಿರುಗಿ ನೋಡಿ, ಏಳನೆಯವಳಾಗಿ ಬಂದಿದ್ದಳು. ಅಂದಿನಿಂದ ಅವಳ ಆಜ್ಞೆ ಒಂದೇ: "ಇಬ್ರೂ ಬರ್ಬೇಡಿ. ಅಪ್ಪ ಬಂದ್ರೆ ಅಮ್ಮನೂ ಬರ್ತಾಳೆ, ಅಮ್ಮ ಬಂದ್ರೆ ನಾನು ನೀರಿಗೇ ಇಳಿಯಲ್ಲ."

"ನಾನೇ ಭಾನುವಾರ ಒಂದು ಗಂಟೆ ಈಚೆ ಬಂದು ಕೂರ್ತೀನಮ್ಮ. ಅದಕ್ಕ್ಯಾಕೆ ಇಷ್ಟೆಲ್ಲ?" ಎಂದರು ಮಾವ.

"ನೀವು ಕದಲಬಾರದು ಮಾವ. ಚಿತ್ರ ನಿಮ್ಮ ಹತ್ರ ಬರಬೇಕು. ನೀವು ಚಿತ್ರದ ಹತ್ರ ಹೋಗೋದಾದ್ರೆ ನಾನು ಈ ಮನೆ ಸೊಸೆ ಆಗಿ ಏನು ಪ್ರಯೋಜನ?"

"ಟಿವೀನೇ ಸ್ವಲ್ಪ ತಿರುಗಿಸಿ ಇಟ್ರೆ?" ಎಂದರು ಪತಿರಾಯರು. ಅವರು ಲೈಬ್ರರಿಯನ್. ದಿನವಿಡೀ ಪಿಸುಗುಟ್ಟಿ ಅಭ್ಯಾಸವಾಗಿ, ಮನೆಯಲ್ಲೂ ಅವರ ಸಲಹೆ ಯಾರಿಗೂ ಕೇಳಿಸುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಮೇಡಂ ಟೊಂಕ ಕಟ್ಟಿ ನಿಂತರು. ಕಾರ್ಖಾನೆಯಿಂದ, ಮೇಲಧಿಕಾರಿಯ ಅನುಮತಿ ಪಡೆದೇ, ಹೊಸ ಬಗೆಯ ಫಿಲ್ಮಿನ ಒಂದು ಉಳಿಕೆ ತುಂಡು ತಂದಿದ್ದರು. ಟಿವಿ ಗಾಜಿನ ಹಿಂದೊಂದು, ಮುಂದೊಂದು ತೆಳು ಫಿಲ್ಮ್ ಅಂಟಿಸಿರುತ್ತಾರಂತೆ. ಬೆಳಕನ್ನು ಸೋಸಿ ಬಿಡುವುದು ಅವುಗಳ ಕೆಲಸ. ಮುಂದಿನ ಹಳೆಯದನ್ನು ಕಿತ್ತು ಇದನ್ನು ಅಂಟಿಸಿದರೆ ಯಾವ ಮೂಲೆಯಿಂದ ನೋಡಿದರೂ ಚಿತ್ರ ಒಂದೇ ಸಮ. ಹೇಳುವುದಕ್ಕೆ ಇಷ್ಟೇ!

ಕೀಳುವುದಕ್ಕೆ ಮಾತ್ರ ಇಡೀ ದಿನ ಬೇಕಾಯಿತು. ಪತಿರಾಯರು ಹೇರ್ ಡ್ರೈಯರ್ ಹಿಡಿದು ಬಿಸಿಗಾಳಿ ಬಿಟ್ಟರು, ಮೇಡಂ ಉಗುರಿನಿಂದ ಎಬ್ಬಿಸಿದರು. ಫಿಲ್ಮ್ ಒಂದೊಂದು ಅಂಗುಲವಾಗಿ, ಕರಕರ ಎನ್ನುತ್ತಾ, ಮನಸ್ಸಿಲ್ಲದ ಮನಸ್ಸಿನಿಂದ ಮೇಲೆದ್ದಿತು. ಸಂಜೆ ಟಿವಿ ಹಾಕಿ ನೋಡಿದರೆ ಪರದೆ ತುಂಬ ಬರೀ ಬಿಳಿ ಬೆಳಕು. ವಾರ್ತೆ ಓದುವ ದನಿ ಬರುತ್ತಿದೆ, ಓದುವವಳೇ ಇಲ್ಲ!

"ಟಿವಿ ಹೋಯ್ತು," ಎಂದರು ಪತಿರಾಯರು.

"ಎಲ್ಲೂ ಹೋಗಿಲ್ಲ. ಚಿತ್ರ ಅಲ್ಲೇ ಇದೆ. ನಿಮ್ಮ ಕಣ್ಣಿಗೆ ಕಾಣ್ತಿಲ್ಲ, ಅಷ್ಟೇ."

"ಟಿವಿ ಕೆಲಸ ಕಾಣಿಸೋದೇ ಅಲ್ವೇನೇ?"

"ರೀ, ನೀವು ಆ ಡ್ರೈಯರ್ ಆರಿಸಿ ಮೊದಲು!"

ಭಾನುವಾರ ಬೆಳಿಗ್ಗೆ ಮೀನು ಕೆಂಪು ಟೋಪಿ ಚೀಲಕ್ಕೆ ಹಾಕಿಕೊಂಡು, "ತಾತ, ಕೆಂಪು ಟೋಪಿ ನಂದು, ನೆನಪಿಟ್ಕೋ" ಎಂದು ಹೇಳಿ ಹೊರಟಳು. ಬಿಳಿ ಪರದೆಯನ್ನು ಒಮ್ಮೆ ನೋಡಿದಳು, ಅಮ್ಮನ ಮುಖವನ್ನೂ ನೋಡಿದಳು. ಮೆಲ್ಲನೆ ಬಾಗಿಲು ಎಳೆದುಕೊಂಡಳು.

ಈಗ ಹೊಸ ಫಿಲ್ಮನ್ನು ಅಳತೆಗೆ ಕತ್ತರಿಸಬೇಕಿತ್ತು. ಮನೆಯಲ್ಲಿ ಕತ್ತರಿ ಹಿಡಿದರೆ ಕೈ ನಡುಗದವರು ಒಬ್ಬರೇ. ತುಂಡು ಹೆಚ್ಚುಕಡಿಮೆ ಚೌಕವಾಗಿತ್ತು. ಯಾವ ಕಡೆ ತಿರುಗಿಸಿ ಇಟ್ಟರೂ ಟಿವಿಗೆ ಸಾಲುತ್ತಿತ್ತು. ಮಾವ ಅದನ್ನು ಮೇಜಿನ ಮೇಲೆ ಹರಡಿ, ಅಂಗೈಯಿಂದ ಸವರಿ, ಕನ್ನಡಕ ಮೂಗಿನ ತುದಿಗೆ ಇಳಿಸಿ ಕೇಳಿದರು:

"ಇದರ ಎಳೆ ಯಾವ ಕಡೆ ಓಡುತ್ತಮ್ಮ? ಉದ್ದಕ್ಕೋ, ಅಡ್ಡಕ್ಕೋ?"

ಮೇಡಂಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ಮಾವ! ಇದೇನು ಪ್ಯಾಂಟಿನ ಬಟ್ಟೇನಾ? ಪ್ಲಾಸ್ಟಿಕ್ಕು. ಇದರಲ್ಲಿ ಎಳೆ ಎಲ್ಲಿಂದ ಬರಬೇಕು?"

"ಹಾಗಲ್ಲಮ್ಮ. ಇಲ್ಲಿ ಅಂಚಲ್ಲಿ ಒಂದು ಬಾಣದ ಗುರುತು ಹಾಕಿದಾರಲ್ಲ..."

"ಅದು ಕಾರ್ಖಾನೆಯವರು ಸುಮ್ನೆ ಹಾಕೋದು. ನೀವು ಹೀಗೆ ಅಡ್ಡ ಇಟ್ಕೊಂಡು ಕತ್ತರಿಸಿ. ಗಂಟೆ ಹನ್ನೊಂದಾಯ್ತು!"

ಮಾವ ಸೊಸೆಯನ್ನೊಮ್ಮೆ ನೋಡಿದರು. ಅವರ ಅಂಗಡಿಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಎಳೆ ನೋಡದೆ ಬಟ್ಟೆಗೆ ಕತ್ತರಿ ಹಾಕಿದವರು, ಎಂಥ ಪಳಗಿದ ಕೈಯವರೇ ಆಗಲಿ, ಒಂದು ತಿಂಗಳು ಬರೀ ಗುಂಡಿ ಹೊಲಿಯಬೇಕು. ಇದು ಮನೆಮಂದಿಗೆಲ್ಲ ಬಾಯಿಪಾಠವಾಗಿದ್ದ ಕಥೆ. ಆದರೆ ಈಗ ಮಾವ ಸೊಸೆ ಹೇಳಿದಂತೆಯೇ ಅಡ್ಡ ಇಟ್ಟು ಕಚಕಚನೆ ಕತ್ತರಿಸಿದರು. ಅಂಚು ನೂಲು ಹಿಡಿದಷ್ಟು ನೇರ.

ಮೇಡಂಗೆ ಆ ಬಾಣದ ಅರ್ಥ ಗೊತ್ತಿರಲಿಲ್ಲವೇ? ಅದನ್ನು ತಪ್ಪದೆ ಹಾಕಬೇಕೆಂದು ಜಗಳವಾಡಿ ನಿಯಮ ಮಾಡಿಸಿದವರೇ ಅವರು! ಆದರೆ ಕಾರ್ಖಾನೆಯಲ್ಲಿ ಅವರ ಕೆಲಸ ತಪ್ಪು ಕಂಡುಹಿಡಿಯುವುದು. ತಪ್ಪು ಮಾಡುವುದಕ್ಕೆ ಬೇರೆಯವರಿದ್ದರು. ಹಾಗಾಗಿ ಈ ಅವಸರದಲ್ಲಿ ತಾವೂ ತಪ್ಪಬಹುದೆಂಬುದು ಅವರಿಗೆ ಹೊಳೆಯಲೇ ಇಲ್ಲ.

ಮಧ್ಯಾಹ್ನ ಎರಡಕ್ಕೆ ಫಿಲ್ಮ್ ಅಂಟಿತು. ಒಂದು ಗುಳ್ಳೆ ಇಲ್ಲ, ಒಂದು ಸುಕ್ಕಿಲ್ಲ. ಮೇಡಂ ಸೆರಗಿನಿಂದ ಹಣೆ ಒರೆಸಿಕೊಂಡು, ಯುದ್ಧ ಗೆದ್ದ ಸೇನಾಪತಿಯ ಗತ್ತಿನಲ್ಲಿ ರಿಮೋಟ್ ಒತ್ತಿದರು.

ಚಿತ್ರ ಬಂತು. ವಾರ್ತೆ ಓದುವವಳ ಕಪ್ಪು ಕೂದಲು ಬೆಳ್ಳಗಾಗಿತ್ತು. ಹಲ್ಲು ಕಪ್ಪು. ಮುಖ ನೀಲಿ. ಹಿಂದಿದ್ದ ಆಕಾಶ ಕಿತ್ತಳೆ ಹಣ್ಣಿನ ಬಣ್ಣ. ಹಳೆಯ ಫೋಟೋ ಸ್ಟುಡಿಯೋದ ನೆಗೆಟಿವ್ ಎದ್ದು ಬಂದು ವಾರ್ತೆ ಓದುತ್ತಿತ್ತು!

ಮೇಡಂಗೆ ಒಂದೇ ಕ್ಷಣದಲ್ಲಿ ಎಲ್ಲ ಅರ್ಥವಾಯಿತು. ಬಾಣ! ಫಿಲ್ಮಿಗೆ ದಿಕ್ಕಿದೆ. ಅದನ್ನು ಅಡ್ಡ ತಿರುಗಿಸಿದರೆ ತಡೆಯಬೇಕಾದ ಬೆಳಕನ್ನು ಬಿಡುತ್ತದೆ, ಬಿಡಬೇಕಾದ್ದನ್ನು ತಡೆಯುತ್ತದೆ. ಅರ್ಧ ಡಿಗ್ರಿಗೆ ಪರದೆ ವಾಪಸ್ ಕಳಿಸುವ ಮೇಡಂ ಈ ದಿನ ತೊಂಬತ್ತು ಡಿಗ್ರಿ ತಪ್ಪಿದ್ದರು.

ಪತಿರಾಯರು ಮೆಲ್ಲನೆ ಹೋಗಿ ಅಪ್ಪನ ಕುರ್ಚಿಯ ಪಕ್ಕ ನಿಂತು ನೋಡಿದರು. "ಕೆಲಸ ಮಾತ್ರ ಅಚ್ಚುಕಟ್ಟು ಕಣೇ. ಅರವತ್ತು ಡಿಗ್ರಿಯಿಂದ ನೋಡಿದ್ರೂ ಕಪ್ಪು ಬಿಳಿಯಾಗೇ ಕಾಣ್ತಿದೆ."

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈ ಚೆಲ್ಲಿ ಕೂರುತ್ತಿದ್ದರು. ಕಿತ್ತು ಮತ್ತೆ ಅಂಟಿಸಲು ಇನ್ನೊಂದು ಫಿಲ್ಮ್ ಇಲ್ಲ, ಹೊತ್ತೂ ಇಲ್ಲ. ಆದರೆ ಡಿಗ್ರಿ ಮೇಡಂ ಸೋಲುವ ಪೈಕಿಯಲ್ಲ. ಒಂದು ರಟ್ಟು ತಂದು ದಪ್ಪ ಅಕ್ಷರದಲ್ಲಿ ಪಟ್ಟಿ ಬರೆದರು. ಕೆಂಪಿದ್ದರೆ ನೀಲಿಹಸಿರಾಗಿ ಕಾಣುತ್ತದೆ. ಹಳದಿ ನೀಲಿಯಾಗಿ. ಬಿಳಿ ಕಪ್ಪಾಗಿ. ಅದನ್ನು ಟಿವಿಯ ಕೆಳಗೆ ಅಂಟಿಸಿ ಘೋಷಿಸಿದರು:

"ಮೀನು ಟೋಪಿ ಕೆಂಪು. ಅಂದ್ರೆ ನಾವು ನೀಲಿಹಸಿರು ಟೋಪಿ ನೋಡ್ಬೇಕು. ಲೆಕ್ಕ ಸರಿಯಾಗಿದ್ರೆ ಚಿತ್ರ ಉಲ್ಟಾ ಇದ್ರೇನಂತೆ!"

ನಾಲ್ಕು ಗಂಟೆ. ಕಿತ್ತಳೆ ರಸ ತುಂಬಿದ ಕೊಳದ ಅಂಚಿನಲ್ಲಿ ಎಂಟು ನೀಲಿ ಹುಡುಗಿಯರು ಸಾಲಾಗಿ ನಿಂತರು. ಅವರಲ್ಲಿ ಒಬ್ಬಳದು ನೀಲಿಹಸಿರು ಟೋಪಿ. "ಅಲ್ಲಿ ನಮ್ಮ ಮೀನು!" ಎಂದು ಮೇಡಂ ಕುಣಿದರು.

ಮಾವ ಯಂತ್ರದ ಮೇಲೆ ಮೊಣಕೈ ಊರಿ, ಕಣ್ಣು ಕಿರಿದಾಗಿಸಿ ನೋಡುತ್ತಿದ್ದರು. "ಅದು ನಮ್ಮ ಮಗು ಅಲ್ಲಮ್ಮ. ಈ ತುದಿಯಲ್ಲಿ ಕಪ್ಪು ಟೋಪಿ ಹಾಕ್ಕೊಂಡು ನಿಂತಿದಾಳಲ್ಲ..."

"ಮಾವ, ಪಟ್ಟಿ ನೋಡಿ! ಕಪ್ಪು ಕಂಡ್ರೆ ಬಿಳಿ ಟೋಪಿ ಅಂತ ಅರ್ಥ. ನಮ್ಮವಳದು ಕೆಂಪು."

"ಟೋಪಿ ಗೊತ್ತಿಲ್ಲಮ್ಮ. ಆದ್ರೆ ಆ..."

"ಶ್! ಶುರುವಾಯ್ತು!"

ಸೀಟಿ ಮೊಳಗಿತು. ಮುಂದಿನ ಒಂದು ನಿಮಿಷ ಮೇಡಂ ಮನೆಯ ಸೂರು ಹಾರಿಹೋಗುವಂತೆ ಕೂಗಿದರು. "ಮೊಣಕೈ ಮೇಲೆ! ಕಾಲು ಬಡಿ! ಬಾ ಚಿನ್ನ, ಬಾ!" ವೀಕ್ಷಕ ವಿವರಣೆ ಕೊಡುವವನ ಒಂದು ಮಾತೂ ಯಾರ ಕಿವಿಗೂ ಬೀಳಲಿಲ್ಲ. ನೀಲಿಹಸಿರು ಟೋಪಿ ಮಾತ್ರ ಮೇಡಂ ಕೂಗಿದಷ್ಟೂ ಹಿಂದೆ ಬಿತ್ತು. ಕೊನೆಗೆ ಎಲ್ಲರೂ ಮುಟ್ಟಿ, ಕನ್ನಡಕ ತೆಗೆದು, ಉಸಿರು ಬಿಟ್ಟ ಮೇಲೆ ಅದು ನಿಧಾನಕ್ಕೆ ಬಂದು ಗೋಡೆ ಮುಟ್ಟಿತು. ಎಂಟನೆಯದು!

ಮೇಡಂ ಕಣ್ಣಲ್ಲಿ ನೀರು ಬಂತು. ತಾಯಿ ಹೃದಯವಲ್ಲವೇ! ಪಕ್ಕದ ಕೋಣೆಗೆ ಹೋಗಿ ತಾಸಿನೊಳಗೆ ಹತ್ತು ಸಲ ಫೋನ್ ಮಾಡಿದರು. ಹನ್ನೊಂದನೆಯ ಸಲ ಮಗಳು ಎತ್ತಿದಳು.

"ಮಗಳೇ, ಬೇಜಾರು ಮಾಡ್ಕೋಬೇಡ. ಎಂಟನೆಯವಳಾದ್ರೇನಂತೆ, ಪೂರ್ತಿ ಮಾಡಿದ್ಯಲ್ಲ, ಅದೇ ದೊಡ್ಡದು."

"ಅಮ್ಮಾ, ನಾನು ಎರಡನೆಯವಳು! ಬೆಳ್ಳಿ ಪದಕ ಕುತ್ತಿಗೇಲಿದೆ! ನೀನು ಯಾವ ಸ್ಪರ್ಧೆ ನೋಡ್ತಿದ್ದೆ?"

"ಮತ್ತೆ... ಕೆಂಪು ಟೋಪಿ?"

"ಅದು ಹಾಕ್ಕೊಳ್ಳೋವಾಗ ಹರಿದುಹೋಯ್ತು. ಕೋಚ್ ಬಿಳಿ ಟೋಪಿ ಕೊಟ್ರು."

ಮೇಡಂ ಫೋನ್ ಹಿಡಿದು ಹಾಲ್‌ಗೆ ಬಂದರು. ಮಾವ ಕಿಟಕಿಯ ಪಕ್ಕ ಕೂತು ಮುಖ ತುಂಬ ನಗುತ್ತಿದ್ದರು. ಅವರ ಕಣ್ಣೂ ಒದ್ದೆಯಾಗಿತ್ತು.

"ನಿಮಗೆ ಹೇಗೆ ಗೊತ್ತಾಯ್ತು ಮಾವ?"

"ಹುಟ್ಟಿದಾಗಿನಿಂದ ಅವಳ ಬಟ್ಟೆ ಹೊಲೀತಿದ್ದೀನಲ್ಲಮ್ಮ. ಎಡ ಭುಜ ಬಲಕ್ಕಿಂತ ಅರ್ಧ ಬೆರಳು ಕೆಳಗೆ. ಸಾಲಾಗಿ ನಿಂತಾಗಲೇ ಕಾಣಿಸ್ತು. ಮಗು ನೀಲಿ ಬಣ್ಣದಲ್ಲಿದ್ರೇನು, ಭುಜ ಎಲ್ಲಿ ಹೋಗುತ್ತೆ? ಮೊದಲಾಗಿದ್ರೆ ಇಲ್ಲಿಂದ ಅದೂ ಕಾಣ್ತಿರಲಿಲ್ಲ. ಕಣ್ತುಂಬ ನೋಡಿದೆ."

ಮೇಡಂಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು. ಮಾವ ನೋಡಬೇಕೆಂದು ಪ್ರತಿಜ್ಞೆ ಮಾಡಿದ್ದರು, ಮಾವ ನೋಡಿದ್ದರು. ನೋಡದವರು ಒಬ್ಬರೇ, ಪ್ರತಿಜ್ಞೆ ಮಾಡಿದವರು! "ತಪ್ಪಾಯ್ತು ಮಾವ. ನೀವು ಎಳೆ ಕೇಳಿದ್ರಿ, ನಾನು ನಕ್ಕುಬಿಟ್ಟೆ."

ಮಾವ ಹೊಲಿಗೆ ಯಂತ್ರದ ಖಾನೆ ಎಳೆದು ಒಂದು ಡಬ್ಬಿ ತೆಗೆದರು, ಅರ್ಧ ಹೊಲಿದಿದ್ದ ಅಂಗಿಯನ್ನು ಅದರ ಮೇಲಿಟ್ಟು ಸೊಸೆಯ ಕಡೆ ಸರಿಸಿದರು. ಡಬ್ಬಿಯ ತುಂಬ ಗುಂಡಿಗಳು.

"ಒಂದು ತಿಂಗಳಾ ಮಾವ?"

"ಎಳೆ ನೋಡದೇ ಇದ್ದದ್ದಕ್ಕೆ ಒಂದು ತಿಂಗಳು. ಹೇಳೋಕೆ ಬಂದವರ ಬಾಯಿ ಮುಚ್ಚಿಸಿದ್ದಕ್ಕೆ ಇನ್ನೊಂದು."

ಪತಿರಾಯರು ಪುಸ್ತಕದ ಹಿಂದೆ ಮುಖ ಮರೆಸಿಕೊಂಡರು. ಪುಸ್ತಕ ಅಲ್ಲಾಡುತ್ತಿತ್ತು. ಮೇಡಂ ಸೂಜಿಗೆ ದಾರ ಪೋಣಿಸಿ, ಹಟ ಹಿಡಿದು, ನಾಲಿಗೆ ಕಚ್ಚಿಕೊಂಡು ಮೊದಲ ಗುಂಡಿ ಹೊಲಿದು ಮಾವನ ಕೈಗಿಟ್ಟರು. ಮಾವ ಅಂಗಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ನೇರದಿಂದ ನೋಡಿದರು. ಆಮೇಲೆ ನಿಧಾನವಾಗಿ ತಲೆ ಓರೆ ಮಾಡಿ ಪಕ್ಕದಿಂದ ನೋಡಿದರು.

"ಎದುರಿಂದ ಚೆನ್ನಾಗಿದೆ. ಅರವತ್ತು ಡಿಗ್ರಿಯಿಂದ ನೋಡಿದ್ರೆ ಸೊಟ್ಟ," ಎಂದು ಅಂಗಿಯನ್ನು ಮರಳಿಸಿದರು. "ವಾಪಸ್!"