ಅರ್ಧ ಸೀಟಿಗೆ ಯಾವ ಇಂಜಿನ್ ಒಳ್ಳೆಯದು?

ಕೊನೆಯ ದಿನ ಯಾವುದೆಂದು ಮೊದಲೇ ತಿಳಿಸುವ ವ್ಯವಸ್ಥೆ ಇದ್ದಿದ್ದರೆ ಆ ದಿನಕ್ಕಾದರೂ ಏನಾದರೂ ರುಚಿಯಾದದ್ದು ಮಾಡಬಹುದಿತ್ತು. ನಾನು ಬಸಳೆ ಪದಾರ್ಥ ಮಾಡಿದ್ದೆ. ನನ್ನ ಗಂಡನಿಗೆ ಬಸಳೆಯ ದಂಟು ಕಂಡರೆ ಆಗದು. ಅವರು ದಂಟುಗಳನ್ನೆಲ್ಲ ಬಟ್ಟಲಿನ ಅಂಚಿನಲ್ಲಿ ಸಾಲಾಗಿ ಪಾರ್ಕ್ ಮಾಡಿ, ಉಳಿದದ್ದನ್ನು ಉಂಡು, ಮೊಬೈಲಿನಲ್ಲಿ ಜೀಪಿನ ಆಟ ಆಡಲು ಕೂತರು. ಕಡಬದಿಂದ ನೆಟ್ಟಣಕ್ಕೆ ದಿನವಿಡೀ ಸರ್ವಿಸ್ ಜೀಪು ಓಡಿಸಿ ಬಂದ ಮನುಷ್ಯ ಮನೆಯಲ್ಲಿ ಪುನಃ ಜೀಪು ಓಡಿಸುವುದು ನನಗೆ ಅರ್ಥವಾಗುತ್ತಿರಲಿಲ್ಲ. ನಾನು ಹೊಲಿಗೆಯವಳು, ಅಂಗಡಿ ಮುಚ್ಚಿ ಬಂದ ಮೇಲೆ ಸೂಜಿಯ ಮುಖ ನೋಡುವುದಿಲ್ಲ. ಆ ದಿನ ಅವರು ಆಟಕ್ಕೆ ಬೈಯುತ್ತಿದ್ದರು. "ಇದೆಂತ ಜೀಪು ಮಾರಾಯ್ತಿ! ಇಷ್ಟು ದೊಡ್ಡ ಗುಡ್ಡೆ ಹತ್ತುದು, ಒಬ್ಬನೇ ಹೋಗುದು. ದಾರಿಯಲ್ಲಿ ಒಂದು ಜನ ಕೈ ಅಡ್ಡ ಹಿಡಿಯುದಿಲ್ಲ. ನಮ್ಮ ಲೈನಿನದ್ದೇ ಒಂದು ಗೇಮ್ ಮಾಡ್ಬೇಕು, ಜನ ತುಂಬಿಸಿ." ನಾನು "ಮೊದಲು ಆ ಬಟ್ಟಲು ತೊಳೆಯಿರಿ" ಎಂದೆ. ತೊಳೆದರು. ಮರುದಿನ ಬೆಳಿಗ್ಗೆ ಜೀಪ್ ಸ್ಟ್ಯಾಂಡಿನಲ್ಲಿ ಎದೆ ಹಿಡಿದು ಕೂತವರು ಮತ್ತೆ ಏಳಲಿಲ್ಲ.

ವರ್ಷದ ಕಾರ್ಯ ಮುಗಿದ ಮೇಲೆ ಅವರ ತಂಗಿ ಯಶೋದ ಒಂದು ಆದಿತ್ಯವಾರ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. ಅವಳು ಪುತ್ತೂರಿನಲ್ಲಿ ಕಂಪ್ಯೂಟರ್ ಕಲಿಸುವವಳು. "ಅತ್ತಿಗೆ, ಅಣ್ಣ ಹೇಳಿದ ಗೇಮ್ ನಾವೇ ಮಾಡುವ" ಎಂದಳು. ನಾನು ಹತ್ತನೇ ಕ್ಲಾಸಿನವಳು. ಕಂಪ್ಯೂಟರಿನಲ್ಲಿ ನನಗೆ ಗೊತ್ತಿದ್ದದ್ದು ಅದನ್ನು ಒರೆಸುವುದು ಮಾತ್ರ. ಆದರೂ ಒಪ್ಪಿದೆ. ನನಗೊಂದು ಆಸೆ ಇತ್ತು.

ಆ ಆಸೆ ತಿಳಿಯಬೇಕಾದರೆ ಸರ್ವಿಸ್ ಜೀಪಿನ ರೀತಿ ತಿಳಿಯಬೇಕು. ಅದು ಹೊತ್ತಿಗೆ ಸರಿಯಾಗಿ ಹೊರಡುವುದಿಲ್ಲ, ತುಂಬಿದಾಗ ಹೊರಡುತ್ತದೆ. ತುಂಬಿತೋ ಇಲ್ಲವೋ ಎಂಬುದನ್ನು ತೀರ್ಮಾನಿಸುವವನು ಡ್ರೈವರ್. ಹಿಂದಿನ ಬೆಂಚುಗಳು ತುಂಬಿ, ಎದುರಿನ ಸೀಟು ತುಂಬಿ, ಕೊನೆಗೆ ಡ್ರೈವರಿನ ಸೀಟಿನಲ್ಲೂ ಅರ್ಧವನ್ನು ಒಬ್ಬ ಅಜ್ಜನಿಗೋ ಬಾಣಂತಿಗೋ ಕೊಟ್ಟ ಮೇಲೆ ಗಾಡಿ ಜಾಗ ಬಿಟ್ಟು ಹಂದುತ್ತದೆ. ಆಗ ಡ್ರೈವರ್ ಬಲಗಡೆಗೆ ಸರಿದು ಅರ್ಧ ಶರೀರವನ್ನು ಜೀಪಿನಲ್ಲಿ, ಉಳಿದರ್ಧವನ್ನು ರಸ್ತೆಯ ಮೇಲೆ ಇಟ್ಟುಕೊಂಡು ಓಡಿಸಬೇಕು. ಗೇರು ಯಾರದೋ ಮೊಣಕಾಲುಗಳ ನಡುವೆ ಇರುತ್ತದೆ. ನಮ್ಮವರು "ಕಾಲು ಸ್ವಲ್ಪ" ಎಂದು ಹೇಳಿಯೇ ಗೇರ್ ಹಾಕುತ್ತಿದ್ದರು. ಹೀಗೆ ಹೊರಗೆ ವಾಲಿಕೊಂಡು ಅವರು ನೆಟ್ಟಣದ ಕಡೆ ತಿರುವು ತೆಗೆಯುವ ಒಂದು ಫೋಟೊವೂ ನನ್ನಲ್ಲಿಲ್ಲ. ಇರುವ ಫೋಟೊಗಳಲ್ಲೆಲ್ಲ ರೇಷನ್ ಕಾರ್ಡಿಗೆ ನಿಂತ ಹಾಗೆ ನೆಟ್ಟಗೆ ನಿಂತಿದ್ದಾರೆ. ಅವರು ಹಾಗೆ ವಾಲಿ ಕೂತದ್ದನ್ನು ಇನ್ನೊಮ್ಮೆ ನೋಡಬೇಕು, ಅಷ್ಟೇ ನನ್ನ ಆಸೆ.

ಗೇಮ್ ಮಾಡಲು ಗೇಮ್ ಇಂಜಿನ್ ಎಂಬ ಸಾಫ್ಟ್‌ವೇರ್ ಬೇಕಂತೆ. ರಸ್ತೆ, ಬೆಳಕು, ಭಾರ, ಬೀಳುವುದು, ಎಲ್ಲ ಅದರಲ್ಲಿ ಮೊದಲೇ ಇರುತ್ತದೆ. ನಾವು ನಮ್ಮ ಗಾಡಿ, ನಮ್ಮ ಜನ ಹಾಕಿದರಾಯಿತು. ಕೇಳುವಾಗ ರವಿಕೆ ಹೊಲಿದ ಹಾಗೆ ಸುಲಭ ಅನಿಸಿತು. ಲೈನಿಂಗ್ ಕೂರಿಸುವಾಗ ಕಷ್ಟ ಗೊತ್ತಾಗುವುದು. ಯಾವ ಇಂಜಿನ್ ಎಂಬಲ್ಲೇ ನಮ್ಮ ಮೊದಲ ಜಗಳ. ಒಂದು ದೊಡ್ಡದು, ಚಿತ್ರ ಚಂದ; ಇನ್ನೊಂದು ಸಣ್ಣದು, ಕೆಲಸ ಸುಲಭ. ನಡುವಿನದ್ದೊಂದೂ ಇತ್ತು, ಆದರೆ ಅದು ಪಾಸ್‌ವರ್ಡ್ ಕೇಳಿ ಕೇಳಿ ನಮ್ಮನ್ನು ಅಂಗಳದಲ್ಲೇ ನಿಲ್ಲಿಸಿತು. "ಅಣ್ಣ ಚಂದ ಕಾಣ್ಬೇಕು ಅತ್ತಿಗೆ" ಎಂದು ಯಶೋದ ದೊಡ್ಡದನ್ನೇ ಹಿಡಿದಳು. ಅದನ್ನು ಇಳಿಸಿಕೊಳ್ಳಲು ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆ, ಅವಳ ಮದುವೆಯ ವೀಡಿಯೊ ಅಳಿಸಿದಳು. "ಅದರಲ್ಲಿ ಅಡುಗೆಯವರದ್ದೇ ಜಾಸ್ತಿ ಇದ್ದದ್ದು" ಎಂದು ಸಮಾಧಾನ ಹೇಳಿಕೊಂಡಳು.

ದೊಡ್ಡ ಇಂಜಿನಿನ ಚಿತ್ರದ ಬಗ್ಗೆ ಎರಡು ಮಾತಿಲ್ಲ. ರಸ್ತೆಯ ಹೊಂಡದ ನೀರಿನಲ್ಲಿ ಆಕಾಶ ಕಾಣುತ್ತಿತ್ತು. ನಿಜವಾದ ಹೊಂಡದಲ್ಲಿ ನಾನು ಆಕಾಶ ಕಂಡವಳಲ್ಲ. ಆದರೆ ಲ್ಯಾಪ್‌ಟಾಪ್ ಹಿಟ್ಟಿನ ಗಿರಣಿಯ ಹಾಗೆ ಕೂಗಿ, ಹಪ್ಪಳ ಸುಡುವಷ್ಟು ಬಿಸಿಯಾಯಿತು. ಇಂಟರ್ನೆಟ್ಟಿನಲ್ಲಿ ಬಿಟ್ಟಿ ಸಿಗುವ ಸಿದ್ಧ ಮನುಷ್ಯನನ್ನೇ ತಂದು ಡ್ರೈವರ್ ಮಾಡಬೇಕಿತ್ತು. ಸಿಕ್ಕಿದವನೊಬ್ಬ ದಾಂಡಿಗ. ತೋಳು ತೆಂಗಿನ ಬೊಡ್ಡೆ, ಸೊಂಟದಲ್ಲಿ ಪಿಸ್ತೂಲು. "ಇದು ಯಾರು?" ಎಂದೆ. "ಅಣ್ಣ" ಎಂದಳು. "ನಿನ್ನ ಅಣ್ಣನಿಗೆ ಸೊಂಟದಲ್ಲಿ ಲುಂಗಿಯೇ ನಿಲ್ತಿರಲಿಲ್ಲ, ಪಿಸ್ತೂಲು ನಿಲ್ತದಾ?" ಪಿಸ್ತೂಲು ತೆಗೆಸಿ, ಖಾಕಿ ಅಂಗಿ ತೊಡಿಸಿ, ಲುಂಗಿ ಉಡಿಸಿದೆವು. ಬಟ್ಟೆಯ ವಿಷಯದಲ್ಲಿ ನನ್ನ ಮಾತೇ ಮಾತು. ಆ ಲುಂಗಿ ನೆರಿಗೆ ನೆರಿಗೆಯಾಗಿ ಗಾಳಿಗೆ ಹಾರುವುದನ್ನು ನೋಡಿ ನಾನೇ ಬೆರಗಾದೆ. ಆದರೆ ಎಷ್ಟು ಚಂದದ ಇಂಜಿನಿಗೂ ಲುಂಗಿಯ ಗಂಟು ಗೊತ್ತಿರಲಿಲ್ಲ. ಜೀಪು ಹೊರಟ ಕೂಡಲೇ ಲುಂಗಿ ಬಿಚ್ಚಿ, ಹಿಂದೆ ಕೂತವರ ಮುಖಕ್ಕೆ ಹಾರಿ ಕೂತಿತು. ಯಶೋದ ಪಟಕ್ಕನೆ ಲ್ಯಾಪ್‌ಟಾಪ್ ಮುಚ್ಚಿದಳು. ಎಷ್ಟೆಂದರೂ ಅಣ್ಣ.

ಲುಂಗಿಗೆ ಹೇಗೋ ಬೆಲ್ಟು ಹಾಕಿಸಿ ಅರ್ಧ ಸೀಟಿನಲ್ಲಿ ಕೂರಿಸಿದೆವು. ಆಗ ನಿಜವಾದ ಕಷ್ಟ ಸುರುವಾಯಿತು. ಆ ಇಂಜಿನಿಗೆ ಭಾರದ ಲೆಕ್ಕ ಬಹಳ ಶಿಸ್ತು. ಅರ್ಧ ಹೊರಗಿರುವ ಮನುಷ್ಯ ಬೀಳಲೇಬೇಕು ಎಂಬುದು ಅದರ ವಾದ. ಪ್ರತಿ ತಿರುವಿನಲ್ಲೂ ನನ್ನ ಗಂಡ ರಸ್ತೆಗೆ ಬಿದ್ದು ಉರುಳುತ್ತಿದ್ದರು, ಜೀಪು ಜನರನ್ನು ಹೊತ್ತುಕೊಂಡು ತಾನೇ ಮುಂದೆ ಹೋಗುತ್ತಿತ್ತು. ಕೂತ ಒಬ್ಬರೂ ತಿರುಗಿ ನೋಡುತ್ತಿರಲಿಲ್ಲ. "ಅಣ್ಣನ ಕೊಲಿಷನ್ ತೆಗಿಯುವ" ಎಂದಳು ಯಶೋದ. ಅಂದರೆ ಒಂದಕ್ಕೊಂದು ತಾಗದ ಹಾಗೆ ಮಾಡುವುದು. ತೆಗೆದಳು. ಅವರು ಬೀಳುವುದು ನಿಂತಿತು. ಪಕ್ಕದ ಅಜ್ಜನ ಒಳಗೆ ಹೋಗಿ ಕೂತರು. ಒಂದೇ ಮೈ, ಎರಡು ತಲೆ, ನಾಲ್ಕು ಕೈ. ಅದನ್ನು ಕಂಡು ನಾನು ನಗಲು ಸುರುಮಾಡಿದವಳು ನಿಲ್ಲಿಸಲಾಗದೆ ಅಡುಗೆಮನೆಗೆ ಹೋಗಿ ನೀರು ಕುಡಿದೆ. ಅವರು ಹೋದ ಮೇಲೆ ನಾನು ಹಾಗೆ ನಕ್ಕದ್ದು ಅದೇ ಮೊದಲು. ಯಶೋದ ಹೆದರಿ ಬಾಗಿಲಲ್ಲಿ ಬಂದು ನಿಂತಿದ್ದಳು.

ಕೊನೆಗೆ ಸಣ್ಣ ಇಂಜಿನಿಗೆ ಬಂದೆವು. ಬೇಗ ಇಳಿಯಿತು, ಬೇಗ ತೆರೆಯಿತು, ಗಿರಣಿಯ ಸದ್ದಿಲ್ಲ. ಜೀಪನ್ನು ನಾನೇ ಮೌಸಿನಿಂದ ಎಳೆದು ರಸ್ತೆಯಲ್ಲಿಟ್ಟೆ. ಆದರೆ ನಮ್ಮ ಕೈಯಲ್ಲಿ ಅದರ ಚಿತ್ರ ಮಾತ್ರ ದೇವರಿಗೇ ಪ್ರೀತಿ. ಮರಗಳು ಕೊಡೆಯ ಹಾಗೆ, ಜನರು ಬಿಸ್ಕೆಟ್ ಪೆಟ್ಟಿಗೆಯ ಹಾಗೆ. ಲುಂಗಿಯೋ, ಕವುಚಿ ಹಾಕಿದ ಬಾಲ್ದಿ. ಹಾರುವುದಿಲ್ಲ, ಮಡಚುವುದಿಲ್ಲ, ಆದರೆ ಬಿಚ್ಚುವುದೂ ಇಲ್ಲ. ಮುಖದಲ್ಲಿ ಮೀಸೆಗೆಂದು ಒಂದು ಕಪ್ಪು ಗೆರೆ. "ಇದು ಅಣ್ಣನಾ?" ಎಂದು ಯಶೋದ ಅಳುವ ಹಾಗಾದಳು. "ಅವರನ್ನು ಇಷ್ಟು ಓರೆ ಮಾಡು" ಎಂದು ನಾನು ಅಂಗೈ ವಾಲಿಸಿ ತೋರಿಸಿದೆ. ಮಾಡಿದಳು. ಸಣ್ಣ ಇಂಜಿನ್ ಏನೂ ವಾದಿಸಲಿಲ್ಲ.

ತೀರ್ಪಿಗೆ ಹಮೀದಾಕನನ್ನು ಕರೆದೆವು. ಅದೇ ಲೈನಿನಲ್ಲಿ ನಮ್ಮವರ ಜೀಪಿನ ಹಿಂದೆಯೇ ಜೀಪು ಓಡಿಸುತ್ತಿದ್ದವರು, ಜನರಿಗಾಗಿ ದಿನವೂ ಜಗಳ, ದಿನವೂ ಒಟ್ಟಿಗೆ ಚಾ. ಯಶೋದ ಮೊದಲು ದೊಡ್ಡ ಇಂಜಿನ್ ತೋರಿಸಿ, "ಗ್ರಾಫಿಕ್ಸ್ ನೋಡಿ ಹಮೀದಾಕ, ಎಲೆ ಎಲೆ ಕಾಣ್ತದೆ" ಎಂದಳು.

"ಎಲೆ ಎಂತಕ್ಕೆ ಮಾರಾಯ್ತಿ? ಸರ್ವಿಸ್ ಜೀಪಿನಲ್ಲಿ ಕೂತವನಿಗೆ ಎದುರಿನವನ ಬೆನ್ನು ಬಿಟ್ರೆ ಎಂತ ಕಾಣ್ತದೆ?"

ಮತ್ತೆ ಸಣ್ಣದನ್ನು ತೆರೆದೆವು. ಹಮೀದಾಕ ಕನ್ನಡಕ ಸರಿಮಾಡಿ ಕೂತರು. ಪೆಟ್ಟಿಗೆ ಜನ ತುಂಬಿದರು, ಪೆಟ್ಟಿಗೆ ಡ್ರೈವರ್ ಬಲಕ್ಕೆ ವಾಲಿದರು, ಜೀಪು ತಿರುವು ತೆಗೆಯಿತು. ಹಮೀದಾಕ ಪರದೆಯ ಹತ್ತಿರಕ್ಕೆ ಬಗ್ಗಿದರು. "ಇದು ಬಾಲಣ್ಣನೇ" ಎಂದರು. "ಮೋರೆ ಇಲ್ಲದಿದ್ರೆ ಎಂತ? ಹಿಂದಿನಿಂದ ನಾನು ಇಷ್ಟು ವರ್ಷ ಕಂಡದ್ದು ಈ ಭುಜವನ್ನೇ ಅಲ್ವಾ."

ನೆಟ್ಟಣ ಸ್ಟೇಷನ್ ಬಂತು. ಪೆಟ್ಟಿಗೆಗಳೆಲ್ಲ ಇಳಿದು ಹೋದವು. ಖಾಲಿ ಜೀಪಿನಲ್ಲಿ ಅವರೊಬ್ಬರೇ, ಇಡೀ ಸೀಟು ಬಿಟ್ಟು, ಹೊರಗೇ ವಾಲಿಕೊಂಡು ಕೂತಿದ್ದರು. "ಜಾಗ ಉಂಟಲ್ಲ ಬಾಲಣ್ಣ, ಒಳಗೆ ಕೂತುಕೊಳ್ಳಿ ಮಾರಾಯ್ರೆ!" ಎಂದು ಹಮೀದಾಕ ಪರದೆಗೇ ಹೇಳಿದರು. "ಅದು ತಪ್ಪಿಹೋಗಿದೆ, ಈಗ ಸರಿ ಮಾಡ್ತೇನೆ" ಎಂದಳು ಯಶೋದ. ಬೇಡ ಎಂದೆ. ತಪ್ಪಲ್ಲ ಅದು. ಅವರು ಖಾಲಿ ಜೀಪಿನಲ್ಲೂ ಹಾಗೆಯೇ ಕೂರುತ್ತಿದ್ದರು. ಮದುವೆ ಊಟಕ್ಕೆ ಹೋದರೆ ಕುರ್ಚಿಯಲ್ಲಿ ಅರ್ಧ. ಮಂಚದಲ್ಲೂ ಅಂಚಿನಲ್ಲಿ. "ಇಲ್ಲಿ ಯಾವ ಪ್ಯಾಸೆಂಜರ್ ಬರುದು?" ಎಂದು ನಾನು ಬೈದರೆ, "ನೀನು ಸರಿಯಾಗಿ ಮಲಗು" ಎನ್ನುತ್ತಿದ್ದರು.

ಈಗ ನನ್ನ ಅಂಗಡಿಗೆ ಬ್ಲೌಸ್ ಹೊಲಿಸಲು ಬಂದವರಿಗೆಲ್ಲ ನಾನು, ಅವರು ಕೇಳದಿದ್ದರೂ, ಇಂಜಿನ್ ವಿಷಯ ಹೇಳುತ್ತೇನೆ: ಚಿತ್ರಕ್ಕೆ ದೊಡ್ಡದು, ಸುಲಭಕ್ಕೆ ಸಣ್ಣದು, ಲುಂಗಿಗೆ ಯಾವುದೂ ಪೂರ್ತಿ ಸಾಲದು. ಅವರು ಅಳತೆ ಕೊಟ್ಟು ಬೇಗ ಹೊರಡುತ್ತಾರೆ. ಹೋದ ವಾರ ಯಶೋದ ನಮ್ಮಲ್ಲೇ ಉಳಿದಿದ್ದಳು. ಬೆಳಿಗ್ಗೆ ಎದ್ದವಳು, "ಎಂತ ಅತ್ತಿಗೆ, ಇಷ್ಟು ದೊಡ್ಡ ಮಂಚ, ನೀವು ಬೀಳುವ ಹಾಗೆ ಅಂಚಿನಲ್ಲಿ ಮಲಗುದು! ನಿಮ್ಮ ಕೊಲಿಷನ್ ಕೂಡ ಸರಿ ಇಲ್ಲ" ಎಂದಳು. ನಾನು ಮಂಚ ನೋಡಿದೆ. ಜಾಗ ತುಂಬ ಇದೆ. ಅವರು ಇಲ್ಲ.