ರೊಸಾರಿಯೊ ಅವರ ನೆವ್ರಿ ದಂಡಯಾತ್ರೆ

ಕಾರ್ಕಳ ಪೇಟೆಯಲ್ಲಿ ಖಾಸಗಿ ಬ್ಯಾಂಕೊಂದು ಏಸಿ, ಎಟಿಎಂ ಸಮೇತ ಬಂದಿಳಿದಾಗ, ಎದುರಿನ ಹಳೇ ಬ್ಯಾಂಕಿನ ಮ್ಯಾನೇಜರ್ ರೊಸಾರಿಯೊ ಕಿಂಚಿತ್ತೂ ಅಳುಕಲಿಲ್ಲ. ಅವರ ಬಳಿ ಬ್ರಹ್ಮಾಸ್ತ್ರವಿತ್ತು: ಹೆಂಡತಿ ಆಂಜೆಲಾ ಕರಿಯುವ ನೆವ್ರಿ. (ಎಳ್ಳು, ಕೊಬ್ಬರಿ, ಸಕ್ಕರೆ ತುಂಬಿದ ಆ ಕ್ರಿಸ್ಮಸ್ ತಿಂಡಿಯನ್ನು ಒಮ್ಮೆ ತಿಂದವರು ಬಡ್ಡಿದರ ಕೇಳುವುದಿಲ್ಲವೆಂದು ಅವರ ನಂಬಿಕೆ.)

"ಗಲ್ಫಿನವರೆಲ್ಲ ಹಬ್ಬಕ್ಕೆ ಬಂದಿದ್ದಾರೆ. ಅವರ ಠೇವಣಿ ಎದುರಿಗೆ ಹೋದರೆ ನಮ್ಮ ಶಾಖೆ ಮುಳುಗಿತು. ಪ್ರತಿ ಮನೆಗೂ ಒಂದು ತಟ್ಟೆ ನೆವ್ರಿ ಹೋಗಲಿ. ಅವರು ಏಸಿ ಕೊಡಲಿ, ನಾವು ಪ್ರೀತಿ ಕೊಡುವ!"

"ಕೊಡುವ," ಎಂದಳು ಆಂಜೆಲಾ. "ನೀವೇ ಸ್ಕೂಟರಿನಲ್ಲಿ ಹೋಗಿ ಕೊಟ್ಟು ಬನ್ನಿ."

"ಮ್ಯಾನೇಜರ್ ಆದವ ತಟ್ಟೆ ಹಿಡಿದು ಮನೆಮನೆ ತಿರುಗುವುದಾ? ಸೇನಾಪತಿ ವ್ಯೂಹ ರಚಿಸ್ತಾನೆ ಮಾರಾಯ್ತಿ, ಮೂಟೆ ಹೊರುವುದಿಲ್ಲ."

ಸಂಜೆ ಸೇನಾಪತಿಗಳು ಕುಕ್ಕುಂದೂರಿನ ಮನೆಗೆ ಮರಳಿದಾಗ ಮೇಜಿನ ಮೇಲೆ ಒಂದು ತಟ್ಟೆಯೂ ಉಳಿದಿರಲಿಲ್ಲ. ಅವರ ಎದೆ ಉಬ್ಬಿತು.

ಮರುದಿನ ವಿಜಯದ ಫಲ ಕೊಯ್ಯಲು, ಕುವೈತಿನಲ್ಲಿ ದುಡಿಯುವ ಮಗನಿದ್ದ ಗ್ಲ್ಯಾಡಿಸ್ ಬಾಯಿಯ ಮನೆಗೆ ಹೋದರು.

"ನೆವ್ರಿ ಹೇಗಿತ್ತು ಬಾಯಿ?"

"ಬಾಯಲ್ಲೇ ಕರಗಿತು! ಆ ಹೊಸ ಬ್ಯಾಂಕಿನ ಮ್ಯಾನೇಜರ್ ಉಂಟಲ್ಲ, ಹನುಮೇಶ, ಪಾಪ, ತಾನೇ ಹೊತ್ತು ತಂದ. ಚಪ್ಪಲಿ ಹೊರಗೆ ಬಿಟ್ಟು ಏಸುವಿನ ಪಟಕ್ಕೆ ಕೈ ಮುಗಿದ. ಮಗನ ಠೇವಣಿ ಅಲ್ಲಿಗೇ ಅಂತ ಮಾತು ಕೊಟ್ಟೆ."

"ಅದು ನನ್ನ ಹೆಂಡತಿಯ ನೆವ್ರಿ!"

"ಹೌದಾ? ಮತ್ತೆ ನೀವು ಯಾಕೆ ತರಲಿಲ್ಲ?"

ರೊಸಾರಿಯೊ ಸ್ಕೂಟರನ್ನು ಮನೆಯತ್ತ ಹಾರಿಸಿದರು.

"ರಿಕ್ಷಾ ಸಿಗಲಿಲ್ಲ," ಎಂದಳು ಆಂಜೆಲಾ. "ಹನುಮೇಶ ಈಗ ಪಕ್ಕದ ಮನೆಯ ಬಾಡಿಗೆಯವ ಅಲ್ವಾ? ನೆರೆಯವರಿಗೆ ಕೊಡದೆ ಹೇಗೆ ಅಂತ ಅವನಿಗೂ ಒಂದು ತಟ್ಟೆ ಕೊಟ್ಟೆ. 'ಅಕ್ಕಾರ, ಇಷ್ಟೆಲ್ಲಾ ಹ್ಯಾಂಗ ಒಯ್ತೀರಿ, ನನ್ನ ಕಾರಿನ್ಯಾಗ ಬರ್ರಿ' ಅಂದ. ನನಗೆ ಮೊಣಗಂಟು ನೋವು, ಕಾರಿನಲ್ಲೇ ಕೂತೆ. ಒಳಗೆ ಹೋಗಿ ಕೊಟ್ಟದ್ದು ಅವನೇ. ನಿಮ್ಮ ವ್ಯೂಹವನ್ನೂ ಅವನಿಗೆ ಹೇಳಿದೆ."

"ಹೇಳಿದೆಯಾ!"

"'ಇಂಥಾ ತಲಿ ನಮ್ಮ ಹೆಡ್ಡಾಫೀಸಿನ್ಯಾಗೂ ಯಾರಿಗೂ ಇಲ್ರಿ' ಅಂದ."

ರೊಸಾರಿಯೊ ಸಿಟ್ಟನ್ನು ಅರೆಗಳಿಗೆ ಬದಿಗಿಟ್ಟು, ಶರ್ಟಿನ ಕಾಲರ್ ಸರಿಮಾಡಿಕೊಂಡರು. "ನಿಜವಾಗಿ ಹಾಗೆ ಅಂದನಾ?"

"ಅಂದ ಮಾರಾಯ್ರೆ. ಮುಂದಿನ ವರ್ಷ ಅವರ ಗಿರಾಕಿಗಳಿಗೆಲ್ಲ ನಾನೇ ನೆವ್ರಿ ಮಾಡಿಕೊಡಬೇಕಂತೆ. ಮುಂಗಡ ಹಾಕಲಿಕ್ಕೆ ಬೆಳಿಗ್ಗೆ ಅಲ್ಲೇ ಖಾತೆ ತೆರೆದೆ. ಒಳಗೆ ಎಂತಹ ತಂಪು ಅಂತೀರಿ!"

ರೊಸಾರಿಯೊ ಕುರ್ಚಿಗೆ ಕುಸಿದರು. ಆಂಜೆಲಾ ಅವರ ಹೆಗಲ ಮೇಲೆ ಮೆಲ್ಲನೆ ಕೈಯಿಟ್ಟಳು.

"ಬೇಜಾರು ಮಾಡಬೇಡಿ. ನಾಮಿನಿ ಯಾರು ಅಂತ ಕೇಳಿದರು. ಜಂಬದಿಂದ ನಿಮ್ಮ ಹೆಸರೇ ಕೊಟ್ಟಿದ್ದೇನೆ, ಹಳೇ ಬ್ಯಾಂಕಿನ ಮ್ಯಾನೇಜರ್ ಅಂತ ಸಮೇತ."